ತನ್ನ ಡಬ್ಬಿ ತಾನು ಉಣ್ಣದವರು

ಡಾಕ್ಟರು ಹೇಳಿದ್ದನ್ನು ಅಪ್ಪನಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನದಾಗಿತ್ತು. ಅಪ್ಪನಿಗೆ ಫ್ಯಾಕ್ಟರಿಯ ಮರಾಠಿ ಬರುತ್ತಿತ್ತು, ಕಾಯಿಲೆಯ ಮರಾಠಿ ಬರುತ್ತಿರಲಿಲ್ಲ. ನಾನು ಸಿಂದಗಿ ಕಡೆಯ ನಮ್ಮೂರಲ್ಲಿ ನಾಲ್ಕರವರೆಗೆ ಕನ್ನಡ ಶಾಲೆಗೆ ಹೋಗಿ, ಡೊಂಬಿವಲಿಗೆ ಬಂದ ಮೇಲೆ ಏಳರವರೆಗೆ ಮರಾಠಿ ಕಲಿತು ಬಿಟ್ಟವಳು. ಅವ್ವನಿಗೆ ಅದೂ ಇಲ್ಲ. ಹೀಗಾಗಿ ಸ್ಟೇಶನ್ ಹತ್ತಿರದ ಆ ದವಾಖಾನೆಯಲ್ಲಿ ಅಪ್ಪ ಸ್ಟೂಲಿನ ಮೇಲೆ ಕೂತಿದ್ದ, ನಾನು ಗೋಡೆಗೆ ಆತುಕೊಂಡು ನಿಂತಿದ್ದೆ. ಡಾಕ್ಟರು ಮಾತಾಡಿದ್ದೆಲ್ಲ ನನ್ನ ಮುಖ ನೋಡಿಕೊಂಡೇ.

ಮುಂಬೈಯಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ನಡೆದಿದ್ದ ವರ್ಷ ಅದು. ಅಪ್ಪನಿಗೆ ಸಕ್ಕರೆ ಕಾಯಿಲೆ ಅದಕ್ಕೂ ಮೊದಲೇ ಅಂಟಿಕೊಂಡಿತ್ತು. ಗುಳಿಗೆ ನುಂಗುತ್ತಿದ್ದ, ಚಹಾ ಸಪ್ಪಗೆ ಕುಡಿಯುತ್ತಿದ್ದ. ಈಗ ಫ್ಯಾಕ್ಟರಿಯಲ್ಲಿ ಬಾಯ್ಲರ್ ಮೆಟ್ಟಿಲು ಒಬ್ಬನೇ ಹತ್ತುವಾಗ ಎದೆ ಹಿಡಿದುಕೊಂಡು ಕೂತುಬಿಟ್ಟಿದ್ದ. ರಕ್ತ ತೆಗೆದು ನೋಡಿದರೆ ಕೊಲೆಸ್ಟರಾಲ್ ಏರಿದೆ ಎಂದರು.

"ಸಕ್ಕರೆ ಇದ್ದವರ ರಕ್ತನಾಳದಲ್ಲಿ ಈ ಕೊಬ್ಬು ಬೇಗ ಕೂರುತ್ತದೆ. ಎರಡೂ ಸೇರಿದರೆ ಹೃದಯಕ್ಕೆ ಕಷ್ಟ," ಎಂದರು ಡಾಕ್ಟರು. "ಊಟದಲ್ಲೇ ಇಳಿಸಬೇಕು. ತುಪ್ಪ, ಬೆಣ್ಣೆ, ವನಸ್ಪತಿ, ತೆಂಗು, ಕರಿದದ್ದು ಬಂದ್. ಎಣ್ಣೆ ದಿನಕ್ಕೆ ಎರಡು ಚಹಾ ಚಮಚ. ಜೋಳದ ರೊಟ್ಟಿ ಎರಡು, ಸೊಪ್ಪು, ಕಾಳು, ಬೆಣ್ಣೆ ತೆಗೆದ ಮಜ್ಜಿಗೆ. ಮೂರು ತಿಂಗಳ ಮೇಲೆ ಮತ್ತೆ ನೋಡೋಣ. ಇಳಿಯದಿದ್ದರೆ, ಇನ್ನೊಮ್ಮೆ ಎದೆ ನೋವು ಬಂದಾಗ ನನ್ನ ತನಕ ಬರಲು ವೇಳೆ ಸಿಗುತ್ತದೆ ಅಂತ ಹೇಳಲಾರೆ, ಮಗಳೇ."

ಈ ಕೊನೆಯ ಮಾತನ್ನು ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಲಿಲ್ಲ. ಅದು ನನ್ನಲ್ಲೇ ಉಳಿಯಿತು. ಅಂದಿನಿಂದ ನನಗೆ ಒಂದು ಕಡೆ ಕೂರಲು ಆಗಲಿಲ್ಲ.

ಅವ್ವ ಗಿರಿಜವ್ವ ಎಲ್ಲವನ್ನೂ ಕೇಳಿ ತುಪ್ಪದ ಗಿಂಡಿಯನ್ನು ನನ್ನ ಮುಂದೆ ಕುಕ್ಕಿದಳು.

"ಸಕ್ರಿ ಬಿಡಿಸಿದ್ರಿ, ಅನ್ನ ಬಿಡಿಸಿದ್ರಿ. ಅದಕ ನಾ ಒಂದೀಟ ತುಪ್ಪಾ ಜಾಸ್ತಿ ಹಾಕಿ ಮನಶ್ಯಾನ್ನ ಉಳಸ್ಕೊಂಡಿದ್ದೆ. ಈಗ ಅದನ್ನೂ ಬಿಡಸ್ತೀರೇನು? ಬಾಯ್ಲರ್ ಮುಂದ ನಿಂದ್ರಾವ ಗಾಳಿ ತಿಂದ ಬದಕತಾನ?"

"ಡಾಕ್ಟರು ಹೇಳ್ಯಾರ ಯವ್ವಾ."

"ಡಾಕ್ಟರ್ ಹೇಳ್ಯಾನೋ, ನೀ ಏನರ ಕೇಳಿಸ್ಕೊಂಡಿಯೋ?"

ಆದರೂ ಒಲೆ ನನಗೆ ಬಿಟ್ಟುಕೊಟ್ಟಳು. ನಾನು ರೊಟ್ಟಿ ಬಡಿದೆ. ಹಿಟ್ಟಿನಲ್ಲಿ ಮೆಂತ್ಯೆ ಸೊಪ್ಪು ಕಲಸಿ ಬಡಿದೆ. ಹೆಸರುಕಾಳು, ಮಡಿಕೆ ಕಾಳು ಮೊಳಕೆ ಕಟ್ಟಿದೆ. ಒಗ್ಗರಣೆಗೆ ಎಣ್ಣೆ ಹಾಕುವಾಗ ಚಮಚವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಶೇಂಗಾ ತಿನ್ನಬಹುದೋ ಬಾರದೋ ಎಂದು ಡಾಕ್ಟರನ್ನು ಕೇಳಲು ನಾಚಿಕೆಯಾಗಿತ್ತು. ಕೇಳದ್ದಕ್ಕೆ ಶೇಂಗಾ ಹಿಂಡಿಯನ್ನೂ ನಿಲ್ಲಿಸಿದೆ. ಅಪ್ಪ ತಾಟಿನ ಮುಂದೆ ಕೂತು ನಗುತ್ತಿದ್ದ.

"ಹಿಂಗ ಸೊಪ್ಪ ತಿನಸು ನೀ, ಕಾಳವ್ವಾ. ಒಂದಿನ ಬಾಯ್ಲರ್ ಮುಂದ ನಿಂತು ಮ್ಯಾಂ ಅಂತೀನಿ."

ಆಮೇಲೆ ಮಧ್ಯಾಹ್ನದ ಡಬ್ಬಿ ಹಿಡಿದುಕೊಂಡು ಹೊರಡುತ್ತಿದ್ದ. ಸಂಜೆ ಪಾಳಿ ಬಿಡುವ ಫ್ಯಾಕ್ಟರಿಯ ಭೋಂಗಾ ಕೂಗುವವರೆಗೂ ನಾನು ಮನೆ ಮುಂದಿನ ಗ್ಯಾಲರಿಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ಹುಳಿ ಹೊಗೆ ಬಂದರೆ ಅಪ್ಪನ ಎದೆಯೇ ನೆನಪಾಗುತ್ತಿತ್ತು. ರಸ್ತೆಯಲ್ಲಿ ಯಾರಾದರೂ ಓಡಿ ಬಂದರೆ ನಮ್ಮ ಮನೆಗೇ ಬಂದರೇನೋ ಎಂದು ಬಗ್ಗಿ ನೋಡುತ್ತಿದ್ದೆ.

ಮೂರು ತಿಂಗಳು ಮುಗಿದು ರಕ್ತ ಕೊಟ್ಟು ಬಂದೆವು. ಕೊಲೆಸ್ಟರಾಲ್ ಒಂದಿಷ್ಟೂ ಇಳಿದಿರಲಿಲ್ಲ. ಮೊದಲಿಗಿಂತ ಸ್ವಲ್ಪ ಏರಿತ್ತು.

"ಮನೆಯಲ್ಲಿ ಯಾರೋ ಸುಳ್ಳು ಹೇಳುತ್ತಿದ್ದೀರಿ," ಎಂದರು ಡಾಕ್ಟರು ನನ್ನನ್ನು ನೋಡಿ. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಇನ್ನೊಂದು ತಿಂಗಳು ಕೊಟ್ಟರು.

ಅವ್ವ ಅಷ್ಟಕ್ಕೇ ಕಾಯುತ್ತಿದ್ದಳು. "ನೋಡಿದೇನ? ತುಪ್ಪಾ ಬಿಟ್ಟರೂ ಏರತೈತಿ. ಅಂದ ಮ್ಯಾಲೆ ತುಪ್ಪದ್ದೇನ ತಪ್ಪ? ಈ ತಿಂಗಳಾ ನೋಡತೀನಿ. ಮುಂದ ಒಲಿ ನಂದ, ಗಿಂಡೀನೂ ನಂದ."

ತಪ್ಪು ನನ್ನದೇ ಇರಬೇಕು ಎನಿಸಿತು. ಮಜ್ಜಿಗೆಯಲ್ಲಿ ಬೆಣ್ಣೆ ಉಳಿಯುತ್ತಿದೆಯೇನೋ. ಎರಡು ಚಮಚ ಎಂದರೆ ದೊಡ್ಡ ಚಮಚವಾಗಿತ್ತೇನೋ. ಅಪ್ಪ ಎಲ್ಲೋ ವಡಾ ತಿನ್ನುತ್ತಾನೇನೋ ಎಂದು ಅವನ ಅಂಗಿ ಮೂಸಿ ನೋಡಿದೆ. ಬರೀ ಫ್ಯಾಕ್ಟರಿಯ ವಾಸನೆ.

ಉತ್ತರ ಸಿಕ್ಕಿದ್ದು ಡಬ್ಬಿ ತೊಳೆಯುವಾಗ. ಡಿಸೆಂಬರಿನ ಚಳಿ, ನಳದ ನೀರು ಕೈ ಕೊರೆಯುತ್ತಿತ್ತು. ಡಬ್ಬಿಯ ಮುಚ್ಚಳದ ಅಂಚಿಗೆ ಹಳದಿ ಜಿಡ್ಡು ಮೇಣದಂತೆ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದೆ. ನಮ್ಮ ಮನೆಯ ಶೇಂಗಾ ಎಣ್ಣೆ ಈ ಚಳಿಗೆ ಹೀಗೆ ಗಟ್ಟಿಯಾಗುವುದಿಲ್ಲ. ಇದು ರೇಶನ್ ಅಂಗಡಿಯಲ್ಲಿ ಕೊಡುವ ಪಾಮ್ ಎಣ್ಣೆ. ನಮ್ಮ ಮನೆಗೆ ಅದನ್ನು ತರುತ್ತಲೇ ಇರಲಿಲ್ಲ. ಜಿಡ್ಡಿನಲ್ಲಿ ಒಂದು ಎಳೆ ತೆಂಗಿನ ತುರಿಯೂ ಸಿಕ್ಕಿಕೊಂಡಿತ್ತು.

ಮರುದಿನ ರೊಟ್ಟಿ ತಡವಾಯಿತೆಂದು ನೆವ ಹೇಳಿ ಅಪ್ಪನನ್ನು ಬರಿಗೈಯಲ್ಲಿ ಕಳಿಸಿದೆ. ಊಟದ ಹೊತ್ತಿಗೆ ಡಬ್ಬಿ ತೆಗೆದುಕೊಂಡು ನಾನೇ ಹೊರಟೆ. ಅಷ್ಟು ದೂರ ಒಬ್ಬಳೇ ನಡೆದವಳಲ್ಲ. ಗೇಟಿನ ವಾಚ್‌ಮನ್ ಏನು ಕೇಳಿದರೂ ಡಬ್ಬಿಯನ್ನೇ ಎತ್ತಿ ತೋರಿಸಿದೆ. ಅವನು ನಕ್ಕು ಒಳಗೆ ಬಿಟ್ಟ.

ಗೇಟಿನ ಒಳಗೆ ಶೆಡ್ಡಿನ ನೆರಳಿಗೆ ಗೋಣಿತಟ್ಟು ಹಾಸಿತ್ತು. ಐದಾರು ಜನ ಸುತ್ತಲೂ ಕೂತು ಡಬ್ಬಿ ಬಿಚ್ಚಿ ನಡುವೆ ಇಟ್ಟಿದ್ದರು. ಮುಚ್ಚಳಗಳೇ ಅವರ ತಾಟು. ಅಪ್ಪನ ಮುಂದೆ ಇನ್ನಾರದೋ ಮುಚ್ಚಳದಲ್ಲಿ ಕಡಲೆಹಿಟ್ಟಿನ ಝುಣಕ ಎಣ್ಣೆಯಲ್ಲಿ ತೇಲುತ್ತಿತ್ತು. ಪಕ್ಕದಲ್ಲಿ ತೆಂಗು ಅರೆದ ಗಸಿ. ಅಪ್ಪ ಕಣ್ಣು ಮುಚ್ಚಿ ಅಗಿಯುತ್ತಿದ್ದ.

ನನ್ನನ್ನು ಮೊದಲು ನೋಡಿದವನು ಕ್ಯಾಂಟೀನಿನ ಪೂವಪ್ಪ. ಮಂಗಳೂರು ಕಡೆಯವನು.

"ಏ ಚನ್ನಪ್ಪಣ್ಣ, ಮಗಳು ಬಂದ್ಲು ಮಾರಾಯ್ರೆ!" ಎಂದು ಕೂಗಿ ನನ್ನ ಕೈಯಿಂದಲೇ ಡಬ್ಬಿ ತೆಗೆದುಕೊಂಡ. "ಆ ಮೆಂತ್ಯೆ ರೊಟ್ಟಿ ಮಾಡುದು ನೀನಾ? ಇದಕ್ಕೆ ಇಲ್ಲಿ ದಿನಾ ಜಗಳ ಉಂಟು. ನಿನ್ನೆ ಪೂರಾ ನಾನೇ ತಿಂದದ್ದು. ನನ್ನ ಹೊಟ್ಟೆ ಈಗ ಎಷ್ಟು ಹಗುರ ಗೊತ್ತುಂಟಾ?"

"ಅಪ್ಪ?" ಎಂದೆ. ಅಷ್ಟೇ ಹೊರಟಿದ್ದು.

"ಅಪ್ಪನಿಗೆ ಎಲ್ಲಿ ಸಿಗ್ತದೆ? ತನ್ನ ಡಬ್ಬ ತಾನು ತಿನ್ನುವ ಹಾಗಿಲ್ಲ, ಇಲ್ಲಿಯ ರೂಲ್. ರೂಲ್ ಮಾಡಿದ್ದೇ ನಿನ್ನ ಅಪ್ಪ!"

ಅಪ್ಪ ಎದ್ದು ಬಂದ. ಕೈ ತೊಳೆಯದೆಯೇ ನನ್ನನ್ನು ಗೇಟಿನ ಬಳಿಯ ಮರದ ಕೆಳಗೆ ಕರೆದೊಯ್ದ. ಬೈಯುತ್ತಾನೆ ಅಂದುಕೊಂಡೆ. ಅವನು ಹಿಂದೆ ತಿರುಗಿ ತಟ್ಟಿನ ಕಡೆ ನೋಡಿದ.

"ಆ ಕಡಿಂದ ಎರಡನೇದಾಂವ ಸೈದಪ್ಪ. ಸುರಪುರ ಕಡಿಯಾವ. ಊರಾಗ ಅವರ ಕೇರಿಗೆ ನಾವು ಕಾಲ ಇಡಂಗಿಲ್ಲ, ಗೊತ್ತೈತಲ್ಲ? ಇಲ್ಲಿ ಬಂದ ಹೊಸತು ಆ ನಳದ ಹಂತ್ಯಾಕ ಒಬ್ಬನ ಕುಂತು ಉಣ್ಣತಿದ್ದ. ಬ್ಯಾರೆ ಕುಂಡ್ರು ಅಂತ ಯಾರೂ ಅಂದಿರಲಿಲ್ಲ. ಬಾ ಅಂತಾನೂ ಯಾರೂ ಅಂದಿರಲಿಲ್ಲ. ಒಂದಿನ ನಾನ ಹೋಗಿ ಅವನ ಡಬ್ಬಿ ತಂದು ನಡಕ ಇಟ್ಟೆ. ಇವತ್ತಿಂದ ತನ್ನ ಡಬ್ಬಿ ತಾನು ಉಣ್ಣಾಂಗಿಲ್ಲ ಅಂದೆ. ಮೊದಲ ತುತ್ತು ಅವನ ಡಬ್ಬೀದ ನಾನ ಉಂಡೆ. ಇವತ್ತಿಗೂ ಹಂಗ ನಡದೈತಿ. ಈಗ ನಾ ನನ್ನ ಡಬ್ಬಿ ಹಿಡಕೊಂಡು ಕುಂತ್ರ ಅಂವ ಏನ ತಿಳಕೋತಾನ?"

"ಬ್ಯಾನಿ ಐತಿ ಅಂತ ಹೇಳು ಯಪ್ಪಾ."

"ನೆವ ಅಂತಾನ. ಅಂಥಾ ನೆವ ಅಂವ ಸಣ್ಣಾವಿದ್ದಾಗಿಂದ ಕೇಳ್ಯಾನ. ಒಬ್ಬರಿಗೆ ಹೊಟ್ಟಿ ನೋವು, ಒಬ್ಬರಿಗೆ ಉಪವಾಸ."

"ಡಾಕ್ಟರು…"

"ಡಾಕ್ಟರ್‌ಗೆ ಇದೇನ ತಿಳೀತೈತಿ? ನಡಿ ಮನಿಗೆ. ನಿಮ್ಮವ್ವಗ ಹೇಳಬ್ಯಾಡ."

ಡಾಕ್ಟರು ಹೇಳಿದ್ದ ಆ ಕೊನೆಯ ಮಾತನ್ನು ಅಲ್ಲೇ ಹೇಳಿಬಿಡಬೇಕೆನಿಸಿತು. ಅಷ್ಟರಲ್ಲಿ ಸೈದಪ್ಪ ತಟ್ಟಿನಿಂದ ಕೈ ಎತ್ತಿ, "ಅಣ್ಣಾರ, ಝುಣಕ ತಣ್ಣಗಾಗತೈತ್ರಿ," ಎಂದು ಕೂಗಿದ. ಅಪ್ಪ ಹೊರಟುಹೋದ. ಹೋಗುವಾಗ ಅವನ ಹೆಜ್ಜೆ ನೋಡಿದೆ. ಎದೆ ಸ್ವಲ್ಪ ಮುಂದಕ್ಕೆ ಬಾಗಿತ್ತು.

ಎರಡು ದಿನ ರೊಟ್ಟಿ ಬಡಿಯುವಾಗಲೂ ನನಗೆ ಅದೇ ಯೋಚನೆ. ಗಂಡಸರ ಆ ತಟ್ಟಿನ ಹತ್ತಿರ ಹೋಗಿ ಮಾತಾಡುವುದು ನನ್ನಿಂದಾಗದು. ಆದರೆ ಸೈದಪ್ಪನ ಡಬ್ಬಿಯ ಆ ಝುಣಕ ಮಾಡುವವಳು ಒಬ್ಬ ಹೆಂಗಸು. ಮೂರನೆಯ ದಿನ ಅವ್ವ ಕಲ್ಯಾಣದ ಬಜಾರಿಗೆ ಹೋದಾಗ ಚಪ್ಪಲಿ ಮೆಟ್ಟಿದೆ.

ಸೈದಪ್ಪನಿದ್ದ ಸಾಲುಮನೆಗಳ ಚಾಳು ಎಂಐಡಿಸಿಯ ಹಿಂದೆ, ಬಣ್ಣದ ನೀರು ಹರಿಯುವ ನಾಲೆಯ ಪಕ್ಕದಲ್ಲಿತ್ತು. ಕೇಳುತ್ತ ಕೇಳುತ್ತ ಹೋದೆ. ಅವನ ಹೆಂಡತಿ ಈರವ್ವ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಚನ್ನಪ್ಪನ ಮಗಳು ಎಂದ ಕೂಡಲೇ ಮೊರ ಬಿಟ್ಟು ಎದ್ದಳು.

"ಏನಾತು? ಫ್ಯಾಕ್ಟ್ರ್ಯಾಗ ಏನರ ಆತೇನು?"

"ಏನಿಲ್ರಿ. ಸುಮ್ನ ಬಂದೆ."

ಅವಳು ಚಾಪೆ ಹಾಸಿದಳು. ಚಹಾ ಬೇಕೇ, ನೀರು ಬೇಕೇ ಎಂದು ಕೇಳಲಿಲ್ಲ. ನಮ್ಮಂಥವರನ್ನು ಹಾಗೆ ಕೇಳಿ ಮುಜುಗರಕ್ಕೆ ಸಿಕ್ಕಿಸಬಾರದು ಎಂಬುದು ಅವಳಿಗೆ ರೂಢಿಯಾಗಿರಬೇಕು. ನನಗೆ ಅವಳನ್ನು ಏನೆಂದು ಕರೆಯಬೇಕೋ ತಿಳಿಯದೆ ನಾಲಿಗೆ ಒಣಗಿತು.

"ಚಿಗವ್ವಾ, ನೀರ ಕೊಡ್ರಿ," ಎಂದೆ.

ಅವಳು ನನ್ನನ್ನೇ ನೋಡಿದಳು. ತೊಳೆದಿಟ್ಟ ತಂಬಿಗೆಯನ್ನು ಮತ್ತೊಮ್ಮೆ ತೊಳೆದು ತಂದಳು. ನಾನು ಎಲ್ಲವನ್ನೂ ಕುಡಿದೆ. ಆಮೇಲೆ ಅವಳೇ ಒಂದು ರೊಟ್ಟಿ, ಮೇಲೆ ಝುಣಕ ತಂದಿಟ್ಟಳು. ಆ ಝುಣಕ ಒಣಗಿ ಉದುರುದುರಾಗಿತ್ತು. ಎಣ್ಣೆಯ ಹೊಳಪೂ ಇರಲಿಲ್ಲ.

"ಇದು ನಿಮ್ಮಪ್ಪಾರಿಗೆ ಕಳಸು ಅಂಥಾದ್ದಲ್ಲ ತಾಯಿ," ಎಂದು ನಾಚಿಕೊಂಡಳು. "ಮನ್ಯಾಗ ನಾವು ಹಿಂಗ, ಒಣಾನ ತಿಂತೀವಿ. ರೇಶನ್ ಎಣ್ಣಿ ಪೂರಾ ಆ ಡಬ್ಬಿಗೆ ತಗದಿಡತೀನಿ. ನಮ್ಮ ಮನೀದು ಉಣ್ಣು ಮನಶ್ಯಾರು ಅವರು. ಅಂಥಾವರ ಬಾಯಿಗೆ ಒಣಾದ ಹೋದ್ರ ಮರ್ಯಾದಿ ಏನ ಉಳೀತು?"

ಮುರಿದ ತುತ್ತನ್ನು ಹಾಗೆಯೇ ಕೆಳಗಿಟ್ಟೆ. ತಲೆ ತಗ್ಗಿಸಿಕೊಂಡೇ ಹೇಳಿದೆ. ಅಪ್ಪನ ಎದೆ ನೋವು, ಸಕ್ಕರೆ, ರಕ್ತದ ಕೊಬ್ಬು, ಎರಡು ಚಮಚ, ಡಾಕ್ಟರ ಕೊನೆಯ ಮಾತು. ಅಪ್ಪನಿಗೇ ಹೇಳದಿದ್ದನ್ನು ಅವಳ ಮುಂದೆ ಹೇಳಿಬಿಟ್ಟೆ.

ಅವಳು ಮೊರವನ್ನು ಗೋಡೆಗೆ ಒರಗಿಸಿಟ್ಟಳು. ಆಮೇಲೆ ಕೇಳಿದಳು.

"ನಿಮ್ಮವ್ವ ಕಳಿಸ್ಯಾಳೇನು?"

"ಇಲ್ರಿ."

"ಖರೇನ ಬ್ಯಾನೀನೋ, ಇಲ್ಲಾ ನಮ್ಮ ಡಬ್ಬಿ ಬ್ಯಾಡಾಗೈತೋ?"

"ಖರೇನ ರೀ ಚಿಗವ್ವಾ."

"ಅದಕ್ಕ ಮೊದಲ ನೀರ ಬೇಡಿದೇನು? ನಾ ನಂಬಲಿ ಅಂತ?"

ಮುಖ ಉರಿಯಿತು. ಸುಳ್ಳು ಹೇಳಲು ಆಗಲಿಲ್ಲ. "ಅದಕ್ಕೂ," ಎಂದೆ. "ನೀರಡಿಕಿನೂ ಆಗಿತ್ತು."

ಈರವ್ವನ ತುಟಿಯಲ್ಲಿ ನಗು ಬಂದು ಹೋಯಿತು. "ರೊಟ್ಟಿ ಮುಗಸು," ಎಂದಳು. ಎಣ್ಣೆ ಕಡಿಮೆ ಮಾಡುತ್ತೇನೆ ಎಂದೂ ಇಲ್ಲ, ಮಾಡುವುದಿಲ್ಲ ಎಂದೂ ಇಲ್ಲ. ನಾಲೆಯ ದಂಡೆಯುದ್ದಕ್ಕೂ ಅವಳ ಆ ಮೌನವನ್ನು ತಿರುಗಿಸಿ ತಿರುಗಿಸಿ ನೋಡುತ್ತ ಮನೆಗೆ ಬಂದೆ.

ನಾಲ್ಕಾರು ದಿನ ಕಳೆದವು. ಡಬ್ಬಿಯ ಮುಚ್ಚಳದಲ್ಲಿ ಹಳದಿ ಜಿಡ್ಡು ಇರಲಿಲ್ಲ. ನಾನು ಸಮಾಧಾನಪಡುವಷ್ಟರಲ್ಲಿ ಒಂದು ಸಂಜೆ ಅಪ್ಪ ಮುಖ ಸಣ್ಣದು ಮಾಡಿಕೊಂಡು ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದವನೇ ಅವ್ವನಿಗೆ ಹೇಳಿದ.

"ಒಂದು ಡಬ್ಬಿ ಎಣ್ಣಿ ಕಟ್ಟು. ಶೇಂಗಾ ಎಣ್ಣೀನ ಕಟ್ಟು. ಸೈದಪ್ಪನ ಮನ್ಯಾಗ ಏನೋ ತ್ರಾಸ ನಡದೈತಿ. ಝುಣಕ ಒಣಾ ಬರಾಕತ್ತೈತಿ. ಅಂವ ತಲಿ ಎತ್ತಿ ಮಾತೂ ಆಡವೊಲ್ಲ. ಕಾಳವ್ವನ ಕೈಯಾಗ ಕೊಟ್ಟ ಕಳಸು."

"ಆ ಚಾಳಿಗೆ? ನನ್ನ ಮಗಳ್ನ ನಾ ಕಳಸಂಗಿಲ್ಲ," ಎಂದಳು ಅವ್ವ.

"ನಾ ಹೋಗಿ ಬಂದೀನಿ," ಎಂದೆ.

ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು. ಇಬ್ಬರೂ ತಿರುಗಿದರು. ಎಲ್ಲವನ್ನೂ ಹೇಳಿದೆ. ಅಪ್ಪನ ಮುಖ ಕಪ್ಪಾಯಿತು.

"ನಿನಗ ಯಾರ ಹೇಳಿದ್ರು ಹೋಗಂತ? ಇನ್ನ ಅಂವ ನನ್ನ ಮುಂದ ಹೆಂಗ ಕುಂಡ್ರತಾನ?"

ಅವ್ವನಿಗೆ ಬೇರೆಯದೇ ಚಿಂತೆ. "ಅಲ್ಲಿ ಏನರ ತಿಂದೇನು?"

"ರೊಟ್ಟಿ ತಿಂದೆ. ನೀರೂ ಕುಡದೆ."

ಅವ್ವ ಒಲೆಯ ಕಡೆ, ನೀರಿನ ಕೊಡದ ಕಡೆ ನೋಡಿದಳು. ನಾನು ಅಂದಿನಿಂದ ಅವನ್ನೆಲ್ಲ ಮುಟ್ಟಿದ್ದೆ. ಅವಳು ನೋಡಿದ್ದನ್ನು ಅಪ್ಪನೂ ನೋಡಿದ. ಆಗ ನನಗೆ ಅಳು ಬಂತು, ಅಳುವಿನ ಜೊತೆ ಮಾತೂ ಬಂತು.

"ಯಪ್ಪಾ, ಅವರ ಡಬ್ಬಿ ನೀ ಇಷ್ಟ ವರ್ಷ ಉಂಡಿ. ಒಂದ ಸಲಾನೂ ಅವರ್ನ ಮನಿಗೆ ಕರದಿಲ್ಲ. ಅದಕ್ಕ ಅವರಿಗೆ ಎಣ್ಣಿ ಹಾಕಿ ಹಾಕಿ ಕಳಸಬೇಕಾಗೈತಿ. ಡಾಕ್ಟರು ಏನ ಅಂದ್ರು ಗೊತ್ತೇನು? ಮುಂದಿನ ಸಲ ದವಾಖಾನಿ ಮುಟ್ಟತೀಯೋ ಇಲ್ಲೋ ಹೇಳಾಕಾಗಂಗಿಲ್ಲ ಅಂದ್ರು."

ಅವ್ವ ಗೋಡೆ ಹಿಡಿದು ಕೂತಳು. ಅಪ್ಪ ಗ್ಯಾಲರಿಗೆ ಹೋದ. ಆ ತುದಿಯಿಂದ ಈ ತುದಿಗೆ ತಿರುಗಾಡುವ ಸಪ್ಪಳ ಕೇಳುತ್ತಿತ್ತು. ನಾನು ತಿರುಗುತ್ತಿದ್ದ ಹಾಗೆಯೇ. ಕೊನೆಗೆ ಬಾಗಿಲಲ್ಲಿ ನಿಂತು, "ಐತವಾರ ಗಂಡ ಹೆಂಡ್ತಿ ಇಬ್ಬರ್ನೂ ಊಟಕ್ಕ ಬರಾಕ ಹೇಳತೀನಿ," ಎಂದ.

ಐತವಾರ ಅವರು ಬಂದರು. ಈರವ್ವ ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಹೊಸ್ತಿಲ ಹೊರಗೇ ನಿಂತಳು. ನಾನು ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡೆ. ಬೆಳಿಗ್ಗೆಯಿಂದ ಅವ್ವ ಅರ್ಧ ಮಾತಾಡಿ ಅರ್ಧ ನುಂಗುತ್ತಿದ್ದಳು. ತುಪ್ಪ ಕಾಸಿದ್ದಳು. "ಊಟಕ್ಕ ಕರದವರಿಗೆ ತುಪ್ಪಾ ಹಾಕಲಿಲ್ಲಂದ್ರ ಅವರ್ನ ಬ್ಯಾರೆ ಮಾಡಿದಂಗ. ಅದನ್ನೂ ನಾನ ಕಲಸಬೇಕೇನು ನಿಮಗ?" ಎಂದಿದ್ದಳು.

ಅಪ್ಪ, ಸೈದಪ್ಪ ಅಕ್ಕಪಕ್ಕ ಕೂತರು. ತಾಟುಗಳು ಒಂದಕ್ಕೊಂದು ತಗುಲುವಷ್ಟು ಹತ್ತಿರವಿದ್ದವು. ರೊಟ್ಟಿ, ಕಾಳಿನ ಪಲ್ಯ, ಸೊಪ್ಪು ಬಡಿಸಿದೆ. ಅವ್ವ ಬಿಸಿ ತುಪ್ಪದ ಗಿಂಡಿ ತಂದಳು. ಸೈದಪ್ಪನಿಗೆ ಹಾಕುವಾಗ ಕೈಯನ್ನು ಕೊಂಚ ಮೇಲೆ ಹಿಡಿದು ಹಾಕಿದಳು. ಅದನ್ನು ನಾನು ನೋಡಿದೆ. ಈರವ್ವನೂ ನೋಡಿದಳು. ಆಮೇಲೆ ಗಿಂಡಿ ಅಪ್ಪನ ತಾಟಿನ ಕಡೆ ತಿರುಗಿತು.

ಅಪ್ಪ ಬೇಡ ಎನ್ನಲಿಲ್ಲ. ಸೈದಪ್ಪನ ತಾಟಿನಲ್ಲಿ ಬಿದ್ದ ತುಪ್ಪವನ್ನು ತಾನು ಹೇಗೆ ಒಲ್ಲೆ ಅನ್ನಲಿ ಎಂಬಂತೆ ಸುಮ್ಮನೆ ಕೂತಿದ್ದ. ಅವ್ವನ ಕೈಗೂ ಇಷ್ಟು ವರ್ಷದ ರೂಢಿ. ಕೂಗಬೇಕೆಂದು ಬಾಯಿ ತೆರೆದೆ.

ಸೈದಪ್ಪ ಕೈ ಚಾಚಿ ಅಪ್ಪನ ತಾಟನ್ನು ಅಂಗೈಯಿಂದ ಮುಚ್ಚಿದ.

ತುಪ್ಪ ಅವನ ಕೈಯ ಮೇಲೆ ಬಿತ್ತು. ಅವನು ಕೈ ತೆಗೆಯಲಿಲ್ಲ.

"ಅಣ್ಣಾರಿಗೆ ಬ್ಯಾಡ್ರಿ ವೈನಿ," ಎಂದ. ಆಮೇಲೆ ಅಪ್ಪನ ಕಡೆ ತಿರುಗದೆಯೇ ಹೇಳಿದ. "ಎದಿ ನೋಯತೈತಿ ಅಂತ ನನ್ನ ಮುಂದ ಒಂದ ಮಾತ ಅನಲಿಲ್ರಿ ನೀವು. ಬಾಯಿ ಮುಚಗೊಂಡು ನನ್ನ ಎಣ್ಣಿ ಉಂಡ್ರಿ. ಅದು ನನಗ ಮರ್ಯಾದಿ ಮಾಡಿದಂಗ ಆತೇನ್ರಿ?"

ಅವನ ಬೆರಳುಗಳು ಅಪ್ಪನ ರೊಟ್ಟಿಯ ಮೇಲಿದ್ದವು. ನಮ್ಮ ಮನೆಯಲ್ಲಿ, ಅವ್ವನ ಕಣ್ಣ ಮುಂದೆ. ತಾಟು ಬದಲಿಸುತ್ತಾಳೇನೋ ಎಂದು ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಅವಳು ಗಿಂಡಿ ಹಿಡಿದು ಬಾಗಿದವಳು ಬಾಗಿಯೇ ಇದ್ದಳು. ಅಪ್ಪ ಸೈದಪ್ಪನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಆ ಬೆರಳು ತಗುಲಿದ ಜಾಗದಲ್ಲೇ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟುಕೊಂಡ.

"ತಪ್ಪಾತಪಾ," ಎಂದ.

"ನಾಳಿಂದ ತಟ್ಟಿನ ಮ್ಯಾಲೆ ಕಾಳವ್ವನ ಡಬ್ಬಿ ನಿಮ್ಮ ಮುಂದನ ಇರತೈತಿ," ಎಂದ ಸೈದಪ್ಪ. "ನೇಮ ಮಾಡಿದವರು ನೀವು. ಮುರಿಯಾಂವ ನಾನು."

"ಪೂವಪ್ಪ ಅಳತಾನಲ್ಲೋ," ಎಂದ ಅಪ್ಪ.

"ಅಳಲಿ ಬಿಡ್ರಿ. ಒಣಾ ಝುಣಕ ಕೊಡೂಣು."

ಇಬ್ಬರೂ ನಕ್ಕರು. ಅವ್ವ ಆಗ ನೆಟ್ಟಗಾಗಿ ಸೈದಪ್ಪನ ಕೈ ನೋಡಿದಳು. ಕೈ ಕೆಂಪಾಗಿತ್ತು.

"ಸುಟ್ಟತೇನಪಾ?" ಎಂದಳು. ಅವನನ್ನು ಅವಳು ಮಾತಾಡಿಸಿದ್ದು ಅದೇ ಮೊದಲು. "ಕಾಳವ್ವಾ, ಏನ ನೋಡಕೋತ ನಿಂತಿ? ತಣ್ಣೀರ ತಾ."

ನಾನು ಕೊಡದ ಕಡೆ ಓಡಿದೆ. ಅಲ್ಲಿ ಈರವ್ವ ಆಗಲೇ ತಂಬಿಗೆ ಮುಳುಗಿಸಿ ನೀರು ತುಂಬಿಕೊಳ್ಳುತ್ತಿದ್ದಳು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಬೇಡ ಎನ್ನಲಿಲ್ಲ. ತುಪ್ಪದ ಗಿಂಡಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟು ಮುಚ್ಚಿದಳು.

ತಿಂಗಳು ತುಂಬಲು ಇನ್ನೂ ದಿನಗಳಿದ್ದವು. ರಕ್ತ ಕೊಡಬೇಕು, ಡಾಕ್ಟರು ಮತ್ತೆ ನನ್ನ ಮುಖ ನೋಡಿಕೊಂಡು ಮಾತಾಡಬೇಕು. ಏನು ಹೇಳುತ್ತಾರೋ. ಆದರೆ ಈ ಸಲ ಶೇಂಗಾದ ವಿಷಯ ಕೇಳಬೇಕು ಅಂದುಕೊಂಡೆ. ಅಪ್ಪನಿಗೆ ಶೇಂಗಾ ನಡೆಯುತ್ತದೋ ಎಂದು ಈರವ್ವ ಅಡುಗೆಮನೆಯಲ್ಲಿ ಎರಡು ಸಲ ಕೇಳಿದ್ದಳು, ಅವಳಿಗೆ ಉತ್ತರ ಕೊಡಬೇಕಿತ್ತು.